ಹುಳದ ಮನೆಗೆ ಜೋಡಿ ಗಾಜು

'ಅಕ್ಕಾ' ಅಂತ ಮೂರು ಸಲ ಕೂಗಿದೆ. ಅವಳು ತಿರುಗಲಿಲ್ಲ. ನನಗೆ ಖುಷಿಯಾಯಿತು.

ಹೌದು, ಖುಷಿಯೇ. ಕಿಟಕಿಯ ಆಚೆ, ನಾಲ್ಕೇ ಅಡಿ ದೂರದಲ್ಲಿ, ರೇಷ್ಮೆ ಹುಳದ ತಟ್ಟೆಗಳ ಸ್ಟ್ಯಾಂಡಿಗೆ ಒರಗಿ, ನನಗೆ ಬೆನ್ನು ಮಾಡಿ ಕೂತಿದ್ದಾಳೆ. ನಾನು ಗಂಟಲು ಹರಿಯುವ ಹಾಗೆ ಕೂಗುತ್ತಿದ್ದೇನೆ. ಅವಳಿಗೆ ಒಂಚೂರೂ ಕೇಳಿಸುತ್ತಿಲ್ಲ! ಭಲೇ, ಗಾಜು ಅಂದರೆ ಹೀಗಿರಬೇಕು ಅಂದುಕೊಂಡೆ. ಜಗಲಿಗೆ ಹೋಗಿ ಕೂತು ಪೇಪರ್ ಬಿಡಿಸಿದೆ.

ಪೂರ್ತಿ ಹೇಳಿಬಿಡುತ್ತೇನೆ. ಆಮೇಲೆ ಬೈಯಿರಿ.

ನಮ್ಮಕ್ಕ ಇರುವುದು ಜಂಗಮಕೋಟೆ ಹತ್ತಿರದ ಹಳ್ಳಿಯಲ್ಲಿ. ಅಕ್ಕನೂ ಭಾವನೂ ಹುಳ ಮೇಯಿಸುತ್ತಾರೆ. ಹಿಂದಿನ ಬೆಳೆಯನ್ನು ಊಜಿ ನೊಣ ಹಾಳು ಮಾಡಿತ್ತು. (ಗೊತ್ತಿಲ್ಲದವರಿಗೆ: ಈ ದರಿದ್ರ ನೊಣ ರೇಷ್ಮೆ ಹುಳದ ಮೈಮೇಲೆ ಮೊಟ್ಟೆ ಇಡುತ್ತದೆ. ಅದರ ಮರಿ ಹುಳವನ್ನು ಒಳಗಿಂದಲೇ ತಿನ್ನುತ್ತದೆ.) "ಕಿಟಕಿಗೆಲ್ಲ ನೈಲಾನ್ ಮೆಶ್ ಹೊಡಿಸ್ಬೇಕು ಕಣಪ್ಪ, ಚಿಕ್ಕಬಳ್ಳಾಪುರದಲ್ಲಿ ಸಿಕ್ಕಿದ್ರೆ ತಂದ್ಕೊಡು" ಅಂದಳು. ಅವಳು ಕೇಳಿದ್ದು ಅಷ್ಟೇ.

ಅಷ್ಟಕ್ಕೇ ಸುಮ್ಮನಾಗುವ ಆಸಾಮಿಯೇ ನಾನು? ಬೆಂಗಳೂರಿನ ಗುಜರಿಯೊಂದರಲ್ಲಿ ನಾಲ್ಕು ಕಿಟಕಿ ಕಣ್ಣಿಗೆ ಬಿದ್ದವು. ಯಾವುದೋ ಎ.ಸಿ. ಆಫೀಸು ಕೆಡವಿದಾಗ ಬಂದ ಮಾಲು. ಬಿಳೀ ಪ್ಲಾಸ್ಟಿಕ್ ಫ್ರೇಮು, ಒಂದೊಂದಕ್ಕೂ ಎರಡೆರಡು ಗಾಜು, ನಡುವೆ ಬೆರಳಗಲ ಜಾಗ. ತೆಗೆದು ಮುಚ್ಚುವ ಬಾಗಿಲೇ ಇಲ್ಲ, ಫಿಕ್ಸೆಡ್. ಚಳಿಯೂ ಬರಲ್ಲ, ನೊಣವೂ ಬರಲ್ಲ. ಮೆಶ್ ಯಾವ ಲೆಕ್ಕ? ಟೆಂಪೋಗೆ ಹೇರಿಸಿಕೊಂಡು ಬಂದೇಬಿಟ್ಟೆ.

ಎರಡು ಕಿಟಕಿಗಳಲ್ಲಿ ಗಾಜುಗಳ ನಡುವೆ ತೇವ ಹೊಕ್ಕು ಮಬ್ಬಾಗಿತ್ತು. ಬದಲಾಯಿಸಲು ಶಿಡ್ಲಘಟ್ಟದಿಂದ ಗಾಜಿನ ಕೆಲಸದ ಖಲೀಲ್ ಸಾಬರನ್ನು ಕರೆಸಿದೆ. ಅವರು ಇಂಥದ್ದನ್ನು ಕಂಡಿದ್ದೇ ಮೊದಲು. ಆದರೂ ಅಂಜಲಿಲ್ಲ. ಉದ್ದದ ಕಡೆಯ ಪ್ಲಾಸ್ಟಿಕ್ ಪಟ್ಟಿಗೆ ಚಪ್ಪಟೆ ಉಳಿ ತೂರಿಸಿ ನಿಧಾನಕ್ಕೆ ಎಬ್ಬಿಸಿದರು. ಹಳೇ ಗಾಜು ಇಳಿಸಿ ಅಳತೆ ತೆಗೆದುಕೊಂಡರು. ಒಂದೊಂದಕ್ಕೂ ಹೊಸ ಗಾಜು ಎರಡು ಕೊಯ್ದು, ಅಂಚಿನುದ್ದಕ್ಕೂ ಅಲ್ಯೂಮಿನಿಯಂ ಪಟ್ಟಿ ಕೊಟ್ಟು, ಸುತ್ತ ಸಿಲಿಕೋನ್ ಬಳಿದು ಜೋಡಿ ಮಾಡಿದರು. ಗಾಜು ಫ್ರೇಮಿಗೆ ತಾಗದಿರಲಿ ಅಂತ ಕೆಳಗೆ ಎರಡು ಪ್ಲಾಸ್ಟಿಕ್ ಚೂರು ಇಟ್ಟು, ಕೂಸನ್ನು ತೊಟ್ಟಿಲಿಗೆ ಹಾಕುವ ಹಾಗೆ ಕೂರಿಸಿದರು.

ಎಲ್ಲ ಮುಗಿಸಿ ತಲೆಯೆತ್ತಿ ನೋಡಿದರು. ಸೂರಿನ ಕೆಳಗಿನ ಗವಾಕ್ಷಿಗಳಿಗೆ ನಾನು ಗೋಣಿತಾಟು ತುರುಕಿ ಸಿಮೆಂಟ್ ಮೆತ್ತಿಸಿದ್ದೆ.

"ಹವಾ ಆಡಕ್ಕೆ ಒಂದು ಗವಾಕ್ಷಿ ಆದ್ರೂ ಬಿಡಿ ಸಾರ್. ಅದಕ್ಕೆ ನಾನೇ ಮೆಶ್ ಹೊಡ್ಕೊಡ್ತೀನಿ."

"ಇಷ್ಟೆಲ್ಲ ಮಾಡಿ ತೂತು ಬಿಟ್ರೆ ಏನು ಬಂತು ಸಾಬ್ರೇ? ನಿಮ್ಮ ಕೆಲಸ ಗಾಜು ಹಾಕೋದು. ಅದು ಮಾಡಿ ಸಾಕು."

ಸಾಬರು ಉಳಿ, ಸುತ್ತಿಗೆ ಚೀಲಕ್ಕೆ ಹಾಕಿಕೊಂಡರು. ಓದಿದವನು, ಪೇಪರಿಗೆ ಬರೆಯುವವನು ಹೇಳಿದ ಮೇಲೆ ಇನ್ನೇನು ಮಾತಾಡ್ತಾರೆ?

ಈಗ ಅಸಲು ವಿಷಯ. ಚಳಿಗಾಲದಲ್ಲಿ ಹುಳಕ್ಕೆ ಬಿಸಿ ಬೇಕು. ನಮ್ಮ ಕಡೆ ಇದ್ದಿಲ ಕೆಂಡದ ಬಾಂಡ್ಲಿಯನ್ನು ಹುಳದ ಮನೆಯೊಳಗೆ ಇಡುತ್ತಾರೆ. ಅಕ್ಕನ ಅತ್ತೆ ಇಡುತ್ತಿದ್ದರು, ಅಕ್ಕನೂ ಇಡುತ್ತಾಳೆ. ಇಷ್ಟು ವರ್ಷ ಏನೂ ಆಗಿರಲಿಲ್ಲ. ಯಾಕೆ? ಹಳೇ ಕಿಟಕಿ ಮುಚ್ಚಿದರೂ ಸಂದಿಯಲ್ಲಿ ಕೈ ತೂರುತ್ತಿತ್ತು. ಕೆಂಡದ ವಿಷಗಾಳಿ ಅಲ್ಲಿಂದಲೇ ಹೊರಗೆ ಹೋಗುತ್ತಿತ್ತು; ಆ ಸಂದಿಗಳೇ ಅವರನ್ನು ಕಾಯುತ್ತಿದ್ದವು. ನಾನು ಒಂದನ್ನೂ ಬಿಡದೆ ಮುಚ್ಚಿಸಿದೆ. ಬಾಂಡ್ಲಿ ಮಾತ್ರ ನನ್ನ ತಲೆಗೆ ಬರಲೇ ಇಲ್ಲ.

ಇನ್ನೊಂದಿದೆ. ಬೆಳೆ ನಡೆಯುವಾಗ ಹೊರಗಿನವರು ಹುಳದ ಮನೆಗೆ ಕಾಲಿಡಬಾರದು. ಒಡಹುಟ್ಟಿದವನಾದರೂ ಅಷ್ಟೇ. ಅದಕ್ಕೇ ಹೋದ ತಿಂಗಳು ಆ ಬೆಳಿಗ್ಗೆ ನಾನು ಜಗಲಿಯಲ್ಲಿ ಕೂತಿದ್ದು. ಭಾವ ಸೊಪ್ಪು ಕೊಯ್ಯಲು ತೋಟಕ್ಕೆ ಹೋಗಿದ್ದರು. ಅಕ್ಕ ಕೆಲಸ ಮುಗಿಸಿ ಬರಲಿ, ಕಾಫಿ ಕೊಡ್ತಾಳೆ ಅಂತ ಕಾದೆ. ಅರ್ಧ ಗಂಟೆ ಕಾದೆ. ಕಾಫಿಗೆ!

ಅಷ್ಟರಲ್ಲಿ ಖಲೀಲ್ ಸಾಬರು ಸೈಕಲ್ಲಿನಲ್ಲಿ ಬಂದರು. ಒಂದು ಕಿಟಕಿಯ ಪಟ್ಟಿ ಮೂಲೆಯಲ್ಲಿ ಎದ್ದಿತ್ತು, ಕೂರಿಸಬೇಕಿತ್ತು. ಗಾಜಿಗೆ ಮುಖ ಒತ್ತಿ ಒಳಗೆ ಇಣುಕಿದರು.

"ಅಮ್ಮ ಯಾವಾಗಿಂದ ಹಿಂಗೆ ಕೂತವ್ರೆ?"

"ಅರ್ಧ ಗಂಟೆ ಆಯ್ತು. ಸುಸ್ತಾಗಿರ್ಬೇಕು."

"ಒಳಗೆ ಕೆಂಡ ಐತಾ ಸಾರ್?"

ಬಾಗಿಲಿಗೆ ಓಡಿದೆ. ನೊಣ ನುಗ್ಗದಿರಲಿ ಅಂತ ಅಕ್ಕ ಒಳಗಿಂದ ಚಿಲಕ ಹಾಕಿಕೊಂಡಿದ್ದಳು. ಹಿಂದೆ ಗಾಜು ಒಡೆದ ಸದ್ದು. ಸಾಬರು ಸುತ್ತಿಗೆ ಎತ್ತಿ, ತಾವೇ ಕೂರಿಸಿದ ಗಾಜಿಗೆ ಹೊಡೆದಿದ್ದರು. ಹೊರಗಿನದು ಉದುರಿತು, ಒಳಗಿನದು ಹಾಗೇ ನಿಂತಿತ್ತು. ಮತ್ತೆ ಹೊಡೆದರು. ಬರಿಗೈಯಲ್ಲಿ ಚೂರುಗಳನ್ನು ಕಿತ್ತು ಒಳಗೆ ನುಗ್ಗಿ ಚಿಲಕ ತೆಗೆದರು. ಮೊಣಕೈವರೆಗೂ ರಕ್ತ. ಇಬ್ಬರೂ ಸೇರಿ ಅಕ್ಕನನ್ನು ಅಂಗಳಕ್ಕೆ ಎಳೆದು ತಂದೆವು.

ಬದುಕಿದಳು. ಇಲ್ಲಿಗೇ ನಿಲ್ಲಿಸಿ ದೇವರು ದೊಡ್ಡವನು ಅನ್ನುವ ಆಸೆ ನನಗೂ ಇದೆ.

ಆಸ್ಪತ್ರೆಯಲ್ಲಿ ಎರಡು ದಿನ ಕಣ್ಣು ಬಿಡಲಿಲ್ಲ. ಬಿಟ್ಟ ಮೇಲೆ ನೋಡಿದರೆ ಬಲಗೈ ನಡುಗುತ್ತೆ. ಹಣ್ಣಾದ ಹುಳವನ್ನು ಒಂದೊಂದಾಗಿ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುತ್ತಿದ್ದ ಕೈ ಅದು. ಈಗ ಲೋಟ ಹಿಡಿದರೆ ನೀರು ಸೀರೆ ಮೇಲೆ. ಆವತ್ತಿನದು ಅವಳಿಗೆ ಏನೂ ನೆನಪಿಲ್ಲ. ಬೆಳಿಗ್ಗೆ ತಿಂದ ತಿಂಡಿಯೂ ಎಷ್ಟೋ ಸಲ ನೆನಪಿರಲ್ಲ. ಡಾಕ್ಟರು "ನೋಡೋಣ" ಅಂದರು. (ಅವರು ಹಾಗಂದರೆ ಏನರ್ಥ ಅಂತ ನಿಮಗೂ ಗೊತ್ತು.) ಹುಳವೆಲ್ಲ ತಿಪ್ಪೆಗೆ ಹೋಯಿತು. ಭಾವ ಹಾರೆ ತಗೊಂಡು ಗವಾಕ್ಷಿಗಳ ಸಿಮೆಂಟನ್ನೆಲ್ಲ ಒಡೆದು ಹಾಕಿದರು.

ಮೊನ್ನೆ ಭಾನುವಾರ ಸಾಬರು ಅಕ್ಕನನ್ನು ನೋಡಲು ಬಂದಿದ್ದರು. ಕೈಗೆ ಇನ್ನೂ ಬ್ಯಾಂಡೇಜ್. ಅಕ್ಕ ಜಗಲಿಯಲ್ಲಿ ಕೂತು ಹುಳದ ಮನೆಯನ್ನೇ ನೋಡುತ್ತಿದ್ದಳು.

"ನೋಡಿ ಸಾಬ್ರೇ, ನನ್ನ ತಮ್ಮ ಎಷ್ಟು ಆಸೆಪಟ್ಟು ತಂದು ಹಾಕ್ಸಿದ್ದ. ಯಾವ ಹಾಳಾದೋನು ಒಡೆದ್ನೋ ಆ ಗಾಜ್ನ! ಅವನ ಕೈ ಸೇದೋಗ!"

ನಾನು ಸಾಬರ ಕಡೆ ಕುರ್ಚಿ ಸರಿಸಿದೆ. ಸಾಬರು ಬ್ಯಾಂಡೇಜಿನ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡರು.

"ನಾನೇ ಒಡೆದಿದ್ದಮ್ಮ. ಸುತ್ತಿಗೆ ಜಾರ್ತು. ತಪ್ಪಾಯ್ತು."

"ಅಯ್ಯೋ, ನೀವಾ? ಹೋಗ್ಲಿ ಬಿಡಿ" ಅಂದಳು ಅಕ್ಕ. ಆಮೇಲೆ ನಡುಗುವ ಕೈಯಿಂದ ನನ್ನ ಬೆನ್ನು ಸವರಿದಳು. "ನೀನು ಬೇಜಾರು ಮಾಡ್ಕೋಬೇಡ ಕಣಪ್ಪ."

ವಾರ ವಾರ ಊರಿಗೆಲ್ಲ ಬುದ್ಧಿ ಹೇಳುವ ನಾನು, ಹೂಂ ಅಂತ ತಲೆಯಾಡಿಸಿದೆ.

ಈಗ ಬೈಯಿರಿ.