ಅಕ್ಕನ ಹನ್ನೊಂದು ಬಾರ್‌ಗಳು

ನಮ್ಮಕ್ಕನಿಗೆ ಸಿಟ್ಟು ಬರುವುದಿಲ್ಲ. ಹಾಗಾಗಿ ಈ ಮನೆಯಲ್ಲಿ ಅವಳ ಪಾಲಿನ ಸಿಟ್ಟನ್ನೂ ನಾನೇ ಮಾಡಿಕೊಳ್ಳಬೇಕಾಗಿದೆ. ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಅಂಗಡಿ, ಹಿಂದಿನ ಕೋಣೆಯಲ್ಲಿ ಅವಳ ಮೇಜು. ಆ ಮೇಜಿನ ಮೇಲೆ ಐದು ವರ್ಷದಿಂದ ಒಂದು ಪಿಎಚ್.ಡಿ. ಬಿದ್ದುಕೊಂಡಿತ್ತು. ಸಂಗೀತಶಾಸ್ತ್ರ ಮತ್ತು ಸ್ವರರಚನೆಯಲ್ಲಿ ಪಿಎಚ್.ಡಿ. ಅಂದರೆ ಏನು ಮಾಡುತ್ತಾರೆ ಎಂದು ಅಳತೆ ಕೊಡಲು ಬಂದವರೆಲ್ಲ ಕೇಳುತ್ತಿದ್ದರು. ಅರ್ಧ ದಿನ ಬರೆಯುತ್ತಾರೆ, ಅರ್ಧ ದಿನ ಗೈಡಿನ ಬಾಗಿಲಲ್ಲಿ ಕಾಯುತ್ತಾರೆ ಎಂದು ಹೇಳಿ ಟೇಪು ಕೈಗೆತ್ತಿಕೊಳ್ಳುತ್ತಿದ್ದೆ.

ಅಕ್ಕನಿಗೆ ಐವತ್ತಾರು. ಇಪ್ಪತ್ತನಾಲ್ಕನೇ ವಯಸ್ಸಿಗೆ ವಿಶ್ವವಿದ್ಯಾಲಯದ ಸಂಗೀತ ವಿಭಾಗಕ್ಕೆ ಪ್ರತಿ ಬರೆಯುವ ಕೆಲಸಕ್ಕೆ ಸೇರಿದಳು. ಆಗ ಕಂಪ್ಯೂಟರ್ ಇರಲಿಲ್ಲ. ವಿದ್ಯಾರ್ಥಿಗಳು ಗೀಚಿ ತಂದ ರಚನೆಯನ್ನು ಐದು ಗೆರೆಯ ಹಾಳೆಯ ಮೇಲೆ ದುಂಡಗೆ ಬರೆದು, ಆಮೇಲೆ ಪಿಟೀಲಿನವನಿಗೆ ಅವನದು, ಚೆಲ್ಲೊದವನಿಗೆ ಅವನದು ಎಂದು ಬೇರೆಬೇರೆ ಹಾಳೆ ಮಾಡಿಕೊಡಬೇಕು. ಇಪ್ಪತ್ತು ವರ್ಷ ಅದನ್ನೇ ಮಾಡಿದಳು. ಅವಳಿಗೆ ಯಾವ ಮೇಷ್ಟ್ರೂ ಸಂಗೀತ ಹೇಳಿಕೊಡಲಿಲ್ಲ. ಬರೆದು ಬರೆದೇ ಕಲಿತಳು. ಆ ಗೀಚಿದ ಹಾಳೆಗಳಲ್ಲಿ ತಪ್ಪುಗಳಿರುತ್ತಿದ್ದವು. ಮಾತಾಡದೆ ತಿದ್ದುತ್ತಿದ್ದಳು. ಕೆಲವರ ಹಾಳೆಯಲ್ಲಿ ನಡುವೆ ಖಾಲಿ ಜಾಗವೇ ಇರುತ್ತಿತ್ತು. "ಅಕ್ಕಾವ್ರೇ, ನಾಡಿದ್ದು ಕಾರ್ಯಕ್ರಮ, ಇಲ್ಲಿ ಏನಾದ್ರೂ ತುಂಬಿಸಿಬಿಡಿ" ಎಂದು ಕೈಮುಗಿಯುತ್ತಿದ್ದರು. ತುಂಬಿಸಿಕೊಡುತ್ತಿದ್ದಳು. ಅವರು ಡಾಕ್ಟರಾಗುತ್ತಿದ್ದರು, ಇವಳು ಮುಂದಿನವನ ಹಾಳೆಗೆ ಗೆರೆ ಎಳೆಯುತ್ತಿದ್ದಳು. "ನೀನೇನು ಊರಿಗೆಲ್ಲ ಬಿಟ್ಟಿ ಆಳಾ?" ಎಂದು ನಾನು ಕೂಗಾಡಿದರೆ, "ಹೋಗ್ಲಿ ಬಿಡೇ, ಖಾಲಿ ಬಿಟ್ರೆ ಕೆಟ್ಟದಾಗಿ ಕಾಣ್ಸುತ್ತೆ" ಎನ್ನುತ್ತಿದ್ದಳು.

ಕಂಪ್ಯೂಟರ್ ಬಂತು. ಅಕ್ಕನನ್ನು ಎತ್ತಿ ಪ್ರವೇಶಪತ್ರ ಕೊಡುವ ಕಿಟಕಿಗೆ ಹಾಕಿದರು. ಅಲ್ಲಿ ಏಳು ವರ್ಷ ಸೀಲು ಒತ್ತುತ್ತ, ಸಂಜೆ ತರಗತಿಗೆ ಹೋಗಿ ಎಂ.ಎ. ಮಾಡಿದಳು. ಐವತ್ತೊಂದಕ್ಕೆ ಪಿಎಚ್.ಡಿ.ಗೆ ಅರ್ಜಿ ಹಾಕಿದಳು. ಯಾಕೆ ಎಂದು ಕೇಳಿದ್ದಕ್ಕೆ, "ಈಗ ಯಾರೂ ಖಾಲಿ ಜಾಗ ಕೊಡೋದಿಲ್ಲ ಕಣೆ, ನಂದೇ ಒಂದು ಇಡೀ ಬರೀಬೇಕು ಅನ್ಸಿದೆ" ಎಂದಳು. ಅವಳು ತನಗಾಗಿ ಏನನ್ನಾದರೂ ಬೇಕು ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅದಕ್ಕೇ ನಾನೂ ಈ ಪಿಎಚ್.ಡಿ.ಗೆ ಕಚ್ಚಿಕೊಂಡೆ.

ಗೈಡಾಗಿ ಸಿಕ್ಕವನು ವಿಭಾಗದ ಮುಖ್ಯಸ್ಥ. ಅಕ್ಕನಿಗಿಂತ ಐದು ವರ್ಷ ಚಿಕ್ಕವನು. ಇಪ್ಪತ್ತಾರು ವರ್ಷದ ಹಿಂದೆ ಅಕ್ಕನ ಮೇಜಿನ ಮುಂದೆ ನಿಂತು ಕೈಮುಗಿದವರಲ್ಲಿ ಅವನೂ ಒಬ್ಬ. ಕೆಟ್ಟವನೇನಲ್ಲ, ಅದೇ ನನಗೆ ಕಷ್ಟ. ಕೆಟ್ಟವನಾಗಿದ್ದರೆ ಬೈದು ಹಗುರಾಗಬಹುದಿತ್ತು. ನಗುನಗುತ್ತ ಮಾತಾಡುತ್ತಾನೆ, ಕೂರಲು ಕುರ್ಚಿ ಎಳೆದು ಕೊಡುತ್ತಾನೆ, ಆಮೇಲೆ ಎಂಟು ತಿಂಗಳು ಅಧ್ಯಾಯ ಓದುವುದಿಲ್ಲ. ಎರಡನೇ ಅಧ್ಯಾಯವನ್ನು ಮೂರನೆಯದು ಮಾಡಿ ಎಂದ. ಮಾಡಿ ಕೊಟ್ಟರೆ, ಮೂರನೆಯದು ಎರಡನೆಯದಾಗಿದ್ದರೆ ಚೆನ್ನಾಗಿತ್ತಲ್ಲವೇ ಎಂದ. ಪ್ರಬಂಧದ ಹೆಸರನ್ನು ನಾಲ್ಕು ಸಲ ಬದಲಾಯಿಸಿದ. ನಾಲ್ಕನೆಯದು ಮೊದಲನೆಯದೇ ಆಗಿತ್ತು, ನಡುವೆ ಒಂದು ಅಲ್ಪವಿರಾಮ ಸೇರಿತ್ತು ಅಷ್ಟೆ. ನನಗೆ ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು. ಅಕ್ಕ ಅಲ್ಪವಿರಾಮ ಹಾಕಿ, ಹೊಸ ಪ್ರತಿ ತೆಗೆದು, ಮತ್ತೆ ಬಸ್ಸು ಹತ್ತುತ್ತಿದ್ದಳು.

ಹೀಗೆ ತೆವಳುತ್ತ ತೆವಳುತ್ತ ಐದನೇ ವರ್ಷಕ್ಕೆ ಬಂದೆವು. ಪ್ರಬಂಧ ಮುಗಿದಿತ್ತು. ಅದರ ಜೊತೆ ಕೊಡಬೇಕಾದ ರಚನೆಯೂ ಮುಗಿದಿತ್ತು. ಎರಡು ಪಿಟೀಲು, ಪಿಟೀಲಿಗಿಂತ ತುಸು ದೊಡ್ಡದಾದ ಒಂದು ವಯೋಲ, ನೆಲಕ್ಕೂರಿ ನುಡಿಸುವ ಒಂದು ಚೆಲ್ಲೊ, ಹತ್ತೊಂಬತ್ತು ನಿಮಿಷ. ಗೈಡು ಒಂದು ಸಹಿ ಹಾಕಿದರೆ ಸಾಕು, ಪರೀಕ್ಷಕರಿಗೆ ಹೋಗುತ್ತದೆ. ಆ ದಿನ ಅಕ್ಕ ಸಂಜೆ ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ನನ್ನ ಕಟಿಂಗ್ ಮೇಜಿನ ಮುಂದೆ ಕೂತಳು.

"ನಾನು ಕದ್ದಿದೀನಂತೆ" ಎಂದಳು.

"ಏನು ಕದ್ದಿದೀಯ? ಯಾರು ಹೇಳಿದ್ದು?"

"ಸರ್. ಅವರ ಪಿಎಚ್.ಡಿ. ರಚನೆಯಿಂದ ಹನ್ನೊಂದು ಬಾರ್."

ಬಾರ್ ಎಂದರೆ ನಮ್ಮ ಬೀದಿಯ ಕೊನೆಯಲ್ಲಿ ಇರುವಂಥದ್ದಲ್ಲ. ಸ್ವರದ ಸಾಲನ್ನು ಅಡ್ಡಗೆರೆ ಎಳೆದು ಮನೆಮನೆಯಾಗಿ ಕತ್ತರಿಸುತ್ತಾರೆ, ಒಂದು ಮನೆಗೆ ಒಂದು ಬಾರ್. ನಿಧಾನದ ಭಾಗ ಮುಗಿದು ಚುರುಕಿನ ಭಾಗ ಶುರುವಾಗುವ ಕಡೆ ಎರಡನ್ನೂ ಕೂಡಿಸಲು ಅಕ್ಕ ಹನ್ನೊಂದು ಬಾರ್ ಬರೆದಿದ್ದಳು. ತೋಳನ್ನು ಭುಜಕ್ಕೆ ಕೂಡಿಸುವುದೇ ಹೊಲಿಗೆಯಲ್ಲಿ ಕಷ್ಟ, ಉಳಿದದ್ದನ್ನು ಯಾರು ಬೇಕಾದರೂ ಹೊಲಿಯುತ್ತಾರೆ. ಇದೂ ಹಾಗೇ ಅಂತೆ. ಚೆಲ್ಲೊ ಒಂದೇ ಸ್ವರ ಹಿಡಿದು ನಿಂತಿರುತ್ತದೆ. ಮೇಲಿನ ಮೂರು ವಾದ್ಯಗಳು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಸರಿಯುತ್ತವೆ. ಕೊನೆಗೆ ಕೇಳಿದರೆ ಚೆಲ್ಲೊ ನಿಂತಲ್ಲೇ ನಿಂತಿದೆ, ಸುತ್ತಲಿನ ಮನೆಯೇ ಬೇರೆಯಾಗಿದೆ. ಅದೇ ಉಪಾಯ ಗೈಡಿನ ಹಳೆಯ ರಚನೆಯಲ್ಲೂ ಇದೆ.

"ಇರದೆ ಏನು? ಅದನ್ನ ಬರ್ಕೊಟ್ಟವಳು ನಾನೇ" ಎಂದಳು ಅಕ್ಕ, ಹಾಲಿನವನ ಲೆಕ್ಕ ಹೇಳುವಷ್ಟು ತಣ್ಣಗೆ. "ಅಲ್ಲಿ ಖಾಲಿ ಬಿಟ್ಟಿದ್ರು. ತುಂಬಿಸಿದ್ದೆ."

"ಅದನ್ನ ಅವನ ಮುಖಕ್ಕೆ ಹೇಳಿದ್ಯಾ ಇಲ್ವಾ?"

ಹೇಳಿದ್ದಳಂತೆ. ಅವನಿಗೆ ನೆನಪೇ ಇಲ್ಲ. ಸುಳ್ಳು ಹೇಳುತ್ತಿದ್ದಾನೆ ಎಂದು ಅಕ್ಕನಿಗೂ ಅನಿಸಲಿಲ್ಲ. ಆ ಹನ್ನೊಂದು ಬಾರ್ ಬಗ್ಗೆ ಅವನು ತನ್ನ ಪ್ರಬಂಧದಲ್ಲಿ ಹದಿನಾಲ್ಕು ಪುಟ ಬರೆದಿದ್ದಾನೆ, ಎರಡು ಕಡೆ ಭಾಷಣ ಮಾಡಿದ್ದಾನೆ, ಈಗ ಅದು ಅವನದೇ ಆಗಿಹೋಗಿದೆ. ಆಧಾರ ಏನು ಎಂದು ಕೇಳಿದನಂತೆ. ಮೂಲ ಪ್ರತಿ ನನ್ನ ಕೈಬರಹದಲ್ಲಿದೆ ಎಂದಳಂತೆ ಇವಳು. "ಅಕ್ಕಾವ್ರೇ, ಈ ವಿಭಾಗದಲ್ಲಿ ನಿಮ್ಮ ಕೈಬರಹದಲ್ಲಿ ಇಲ್ಲದ್ದು ಯಾವುದಿದೆ ಹೇಳಿ?" ಎಂದು ಅವನು ನಕ್ಕನಂತೆ. ನಿಜ ತಾನೇ? ಇಪ್ಪತ್ತು ವರ್ಷದ ಎಲ್ಲರ ರಚನೆಗಳೂ ಅವಳ ಕೈಬರಹದಲ್ಲೇ ಇವೆ. ಎಲ್ಲವೂ ಅವಳ ಕೈಯದಾದ್ದರಿಂದ ಯಾವುದೂ ಅವಳದ್ದು ಎಂದು ತೋರಿಸಲು ಬರುವುದಿಲ್ಲ.

ಆಮೇಲೆ ಅವನು ಉದಾರವಾಗಿ ಒಂದು ದಾರಿ ತೋರಿಸಿದನಂತೆ. ಶಿಷ್ಯರ ಮೇಲೆ ಗುರುವಿನ ಪ್ರಭಾವ ಆಗುವುದು ಸಹಜ, ತಪ್ಪೇನಿಲ್ಲ, ಕೆಳಗೆ ಒಂದು ಅಡಿಟಿಪ್ಪಣಿ ಹಾಕಿ: 'ಈ ಹನ್ನೊಂದು ಬಾರ್‌ಗಳು ನನ್ನ ಮಾರ್ಗದರ್ಶಕರ ರಚನೆಯಿಂದ ಪಡೆದವು.' ಅಷ್ಟು ಹಾಕಿದರೆ ಸಹಿ. ಇಲ್ಲದಿದ್ದರೆ ಸಮಿತಿಗೆ ಕಳಿಸಬೇಕಾಗುತ್ತದೆ.

ಆಗಲೇ ಅವನ ಕೋಣೆಗೆ ಹೋಗಿ ಕೂಗಾಡಬೇಕು ಅನ್ನಿಸಿತು. ಆದರೂ ನಾನು ಹೇಳಿದ್ದು ಬೇರೆಯೇ. "ಹಾಕಿ ಬಿಸಾಕು. ಒಂದು ಸಾಲು. ಯಾರು ಓದ್ತಾರೆ? ಐದು ವರ್ಷ ಆಗಿದೆ, ಅಕ್ಕ."

"ನಾನು ಓದ್ತೀನಲ್ಲ" ಎಂದಳು.

ಎದ್ದು ಹೋಗಿ ತನ್ನ ಮೇಜಿನ ಮುಂದೆ ಕೂತಳು. ಜಗಳ ಬೇಡವಂತೆ. ಆ ಹನ್ನೊಂದನ್ನು ಅವನೇ ಇಟ್ಟುಕೊಳ್ಳಲಂತೆ, ತಾನು ಬೇರೆ ಬರೆಯುತ್ತಾಳಂತೆ. ಎರಡು ವಾರ ಕೂತು ಬರೆದಳು. ಈ ಸಲ ಚೆಲ್ಲೊ ಬದಲು ವಯೋಲ ನಿಂತಿತ್ತು. ಗೈಡು ನೋಡಿ, ಇದರಲ್ಲೂ ನನ್ನ ಛಾಯೆ ಇದೆಯಲ್ಲ ಎಂದ. ಮತ್ತೆ ಬರೆದಳು, ಹನ್ನೊಂದನ್ನು ಏಳು ಮಾಡಿದಳು. ಅಳಿಯ ಅಲ್ಲ, ಮಗಳ ಗಂಡ. ಮತ್ತೂ ಬರೆದಳು, ಮೇಲಿನದನ್ನು ಕೆಳಗೆ ಮಾಡಿದಳು. ಗೈಡು ತಲೆ ಅಲ್ಲಾಡಿಸಿ, ಬಹಳ ಪ್ರೀತಿಯಿಂದ, "ನೀವು ನನ್ನನ್ನ ತುಂಬಾ ಆಳವಾಗಿ ಅಭ್ಯಾಸ ಮಾಡಿದೀರಿ ಅಕ್ಕಾವ್ರೇ" ಎಂದನಂತೆ.

ಅದನ್ನು ಕೇಳಿದ ಮೇಲೆ ನನಗೆ ತಡೆಯಲಾಗಲಿಲ್ಲ. ಯಾರದೋ ರವಿಕೆಯ ತೋಳು ಕೈಯಲ್ಲಿತ್ತು, ಅದನ್ನು ಬಿಸಾಕಿ ಅವಳ ಮೇಲೇ ರೇಗಿದೆ. "ನಿಂಗೆ ಬೇರೆ ಥರ ಬರೆಯೋಕೆ ಬರೋದೇ ಇಲ್ವಾ? ಜಗತ್ತಲ್ಲಿ ಅದೊಂದೇ ಹೊಲಿಗೆನಾ ಇರೋದು?"

"ಬರೋದಿಲ್ಲ ಕಣೆ" ಎಂದಳು. "ಎರಡು ತುಂಡು ಕೂಡಿಸು ಅಂದ್ರೆ ನನ್ನ ಕೈ ಹಾಗೇ ಹೋಗುತ್ತೆ. ಯಾವತ್ತೂ ಹಾಗೇ ಹೋಗಿದ್ದು." ತುಸು ಹೊತ್ತು ಗೋಡೆ ನೋಡಿದಳು. "ನಾಳೆ ಅಂಗಡಿ ಮುಚ್ಚಿ ನನ್ನ ಜೊತೆ ಬರ್ತೀಯಾ? ಲೈಬ್ರರಿಯಿಂದ ಸ್ವಲ್ಪ ಭಾರ ಹೊರೋದಿದೆ. ನನ್ನ ಮಣಿಕಟ್ಟು ನೋಯ್ತಾ ಇದೆ."

ಮರುದಿನ ಲೈಬ್ರರಿಯ ನೆಲಮಾಳಿಗೆಯ ಕಪಾಟಿನಿಂದ ಆರು ದಪ್ಪ ಸಂಪುಟ ತೆಗೆಸಿದಳು. ಆರು ಜನರ ಡಾಕ್ಟರೇಟು ರಚನೆಗಳು. ಅಲ್ಲೇ ನೆಲದ ಮೇಲೆ ಕೂತು ಪುಟ ತಿರುವಿದಳು. ತಾನು ತುಂಬಿಸಿದ ಜಾಗ ಎಲ್ಲಿದೆ ಎಂದು ಅವಳ ಬೆರಳಿಗೆ ಗೊತ್ತಿತ್ತು. ಸಿಕ್ಕ ಕಡೆಯಲ್ಲೆಲ್ಲ ನನ್ನ ಚೀಲದಲ್ಲಿದ್ದ ಲೈನಿಂಗ್ ಬಟ್ಟೆಯ ಚೂರು ಇಟ್ಟೆವು. ಇಷ್ಟು ದಿನ ಯಾಕೆ ಇದನ್ನು ಮಾಡಲಿಲ್ಲ ಎಂದು ಕೇಳಿದೆ. "ಅವರವರದ್ದು ಅವರವರಿಗೆ ಕೊಟ್ಟಾಗಿತ್ತಲ್ಲ, ನಂದು ಅಂತ ತಲೆಗೇ ಬಂದಿರ್ಲಿಲ್ಲ" ಎಂದಳು. ಇಂಥವಳನ್ನು ಏನು ಮಾಡುವುದು, ನೀವೇ ಹೇಳಿ.

ಗೈಡಿನ ಕೋಣೆಯಲ್ಲಿ ಆರನ್ನೂ ಮೇಜಿನ ಮೇಲೆ ಸಾಲಾಗಿ ಬಿಡಿಸಿಟ್ಟೆ. ಅವನು ಕನ್ನಡಕ ಏರಿಸಿ ಮೊದಲನೆಯದನ್ನು ನೋಡಿದ, ಎರಡನೆಯದನ್ನು ನೋಡಿದ, ಮೂರನೆಯದಕ್ಕೆ ಬರುವಷ್ಟರಲ್ಲಿ ಮುಖ ಅರಳಿತು.

"ಅರೆ! ಇವರೆಲ್ಲರ ಮೇಲೂ ನನ್ನ ಪ್ರಭಾವ ಆಗಿದೆ. ನನಗೆ ಗೊತ್ತೇ ಇರ್ಲಿಲ್ಲ ನೋಡಿ."

ನಾನು ಬಾಯಿ ತೆರೆದೆ. ಅಕ್ಕ ಮೇಜಿನ ಕೆಳಗೆ ನನ್ನ ಕಾಲು ತುಳಿದಳು.

"ಕೊನೇದು ನೋಡಿ ಸರ್" ಎಂದಳು. "ಇಸವಿನೂ ನೋಡಿ."

ಕೊನೆಯದು ಅವನ ರಚನೆಗಿಂತ ನಾಲ್ಕು ವರ್ಷ ಹಳೆಯದು. ಅಲ್ಲೂ ಚೆಲ್ಲೊ ನಿಂತಿತ್ತು, ಅಲ್ಲೂ ಮೂರು ವಾದ್ಯ ಒಂದೊಂದಾಗಿ ಸರಿದಿದ್ದವು. ಅವನು ಇಸವಿ ನೋಡಿದ, ಸ್ವರ ನೋಡಿದ, ಮತ್ತೆ ಇಸವಿ ನೋಡಿದ. ಅವನ ನಿಯಮದ ಪ್ರಕಾರವೇ ಹೋದರೆ, ಒಂದೋ ಅವನು ಆ ಹಳೆಯ ವಿದ್ಯಾರ್ಥಿಯಿಂದ ಕದ್ದಿರಬೇಕು, ಇಲ್ಲವೇ ಅಕ್ಕ ಹೇಳಿದ್ದು ನಿಜವಿರಬೇಕು. ಮೂರನೇ ದಾರಿ ಇರಲಿಲ್ಲ. ತಾನು ತೋಡಿದ ಹಳ್ಳದೊಳಗೆ ಮನುಷ್ಯ ಇಳಿಯುವುದನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಐದು ವರ್ಷದಿಂದ ಕಾದಿದ್ದೆ, ಕುಣಿಯಬೇಕು ಅನ್ನಿಸಬೇಕಿತ್ತು. ಅವನ ಮುಖ ನೋಡಿದರೆ ಕುಣಿಯಲಾಗಲಿಲ್ಲ.

"ಅಕ್ಕಾವ್ರೇ" ಎಂದ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. "ನಂದರಲ್ಲಿ... ಇನ್ನೂ ಎಲ್ಲೆಲ್ಲಿ ಕೈಯಾಡಿಸಿದೀರಿ?"

ಅವಳು ಏನು ಹೇಳಿದರೂ ಅವನು ನಂಬಬೇಕಿತ್ತು. ಅರ್ಧ ನನ್ನದೇ ಎಂದಿದ್ದರೆ ಅವನ ಜೀವಮಾನವೇ ಅರ್ಧವಾಗುತ್ತಿತ್ತು.

"ಎಲ್ಲೂ ಇಲ್ಲ ಸರ್. ಉಳಿದದ್ದೆಲ್ಲ ನಿಮ್ಮದೇ. ಹಾಗಾಗೇ ಕೂಡಿಸೋದು ಕಷ್ಟ ಆಯ್ತು" ಎಂದಳು. ಚುಚ್ಚಿದಳೋ ಸಮಾಧಾನ ಮಾಡಿದಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವಳಿಗೂ ಗೊತ್ತಿಲ್ಲವೇನೋ.

ಅವನು ಪೆನ್ನು ತೆಗೆದು ಸಹಿ ಹಾಕಿದ. ಅಡಿಟಿಪ್ಪಣಿಯ ಮಾತು ಎತ್ತಲಿಲ್ಲ. ಆರು ಸಂಪುಟಗಳಲ್ಲಿ ಮೂರನ್ನು ತಾನೇ ಹೊತ್ತು ಲೈಬ್ರರಿಗೆ ತಂದುಕೊಟ್ಟ. ಹನ್ನೊಂದು ಬಾರ್‌ಗಳು ಮೊದಲಿದ್ದ ಹಾಗೇ ರಚನೆಗೆ ವಾಪಸು ಬಂದವು. ಪರೀಕ್ಷಕರು ನಾಲ್ಕು ತಿಂಗಳು ತೆಗೆದುಕೊಂಡರು, ಅದು ಅವರ ಹಕ್ಕಂತೆ. ಮೌಖಿಕ ಪರೀಕ್ಷೆ ನಲವತ್ತು ನಿಮಿಷದಲ್ಲಿ ಮುಗಿಯಿತು. ಹೊರಗಿನಿಂದ ಬಂದಿದ್ದ ಪರೀಕ್ಷಕಿ ಆ ಕೂಡುವ ಜಾಗವನ್ನು ಎರಡು ಸಲ ಕೇಳಿಸಿಕೊಂಡು, ಇದನ್ನು ಎಲ್ಲಿ ಕಲಿತಿರಿ ಎಂದರಂತೆ. ಕೆಲಸದಲ್ಲಿ ಎಂದಳಂತೆ ಅಕ್ಕ.

ಇನ್ನು ಉಳಿದಿದ್ದು ಬೈಂಡ್ ಮಾಡಿಸಿದ ಮೂರು ಪ್ರತಿಗಳನ್ನು ಕಚೇರಿಗೆ ಒಪ್ಪಿಸುವುದು. ಎಲ್ಲರೂ ಕಂಪ್ಯೂಟರಿನಲ್ಲಿ ಮಾಡುತ್ತಾರೆ, ಇವಳು ಹಟ ಹಿಡಿದು ಮೂರನ್ನೂ ಕೈಯಲ್ಲೇ ಬರೆದಿದ್ದಳು. ಹತ್ತೊಂಬತ್ತು ನಿಮಿಷದ ಸಂಗೀತಕ್ಕೆ ಎರಡು ತಿಂಗಳು. ನಾನೂ ಜೊತೆಗೆ ಹೋದೆ. ಗುಮಾಸ್ತೆ ಮೇಲಿನ ರಟ್ಟು ಎತ್ತಿ ಮೊದಲ ಪುಟ ನೋಡಿದಳು, ಎರಡನೇ ಪ್ರತಿಯ ಮೊದಲ ಪುಟ ನೋಡಿದಳು, ಮೂರನೆಯದನ್ನೂ ನೋಡಿದಳು.

"ಮೇಡಂ, ಇಲ್ಲಿ ಬಲಗಡೆ ರಚನೆ ಮಾಡಿದವರ ಹೆಸರೇ ಇಲ್ವಲ್ಲ?"

ಅಕ್ಕ ರಸೀತಿ ಪುಸ್ತಕದಲ್ಲಿ ಏನೋ ತುಂಬುತ್ತಿದ್ದಳು, ತಲೆ ಎತ್ತಲಿಲ್ಲ. "ಪ್ರತಿ ಮಾಡೋರು ಅದನ್ನ ಬರೆಯೋ ಹಾಗಿಲ್ಲಮ್ಮ. ಜಾಗ ಬಿಟ್ಟಿದೀನಿ. ಅವರು ಬಂದು ಬರ್ಕೋತಾರೆ."

"ಯಾರು ಬಂದು?"

ಅಕ್ಕ ತಲೆ ಎತ್ತಿದಳು. ನಿಮ್ಮಾಣೆ, ಒಂದು ಕ್ಷಣ ಅವಳು ಬಾಗಿಲ ಕಡೆ ನೋಡಿದಳು, ಯಾರೋ ಬರಬೇಕಾದವರು ಇನ್ನೂ ಬಂದಿಲ್ಲ ಎನ್ನುವ ಹಾಗೆ. ಆಮೇಲೆ ಖಾಲಿ ಜಾಗ ನೋಡಿದಳು. ಅವಳ ಮುಖವೆಲ್ಲ ಕೆಂಪಾಯಿತು.

ಕೂಗಬೇಕು ಎಂದುಕೊಂಡೆ. ಐದು ವರ್ಷದ್ದಷ್ಟೇ ಅಲ್ಲ, ಮೂವತ್ತೆರಡು ವರ್ಷದ್ದೂ ಸೇರಿಸಿ ಕೂಗಬೇಕು ಎಂದುಕೊಂಡೆ. ಅದರ ಬದಲು ಗುಮಾಸ್ತೆಯ ಮೇಜಿನಿಂದ ಪೆನ್ನು ತೆಗೆದು ಅಕ್ಕನ ಕೈಯಲ್ಲಿ ಇಟ್ಟೆ. "ಬಂದಿದೀರಲ್ಲ, ಬರ್ಕೊಳ್ಳಿ" ಎಂದೆ. ಹುಟ್ಟಿದಾಗಿನಿಂದ ಅವಳನ್ನು ನಾನು ಬಹುವಚನದಲ್ಲಿ ಕರೆದವಳಲ್ಲ.

ಮೂವತ್ತೆರಡು ವರ್ಷ ಒಂದು ಸ್ವರವನ್ನೂ ಓರೆಯಾಗಿ ಬರೆಯದ ಕೈ, ಮೊದಲ ಪ್ರತಿಯಲ್ಲಿ ತನ್ನ ಹೆಸರನ್ನು ಸೊಟ್ಟಸೊಟ್ಟಗೆ ಬರೆಯಿತು. ಮನೆಗೆ ಒಯ್ದು ಕೆರೆದು ಸರಿಮಾಡಿ ತರುತ್ತೇನೆ ಎಂದಳು. ನಾನು ಬಿಡಲಿಲ್ಲ.