ಮೊದಲು ಲವಂಗ, ಆಮೇಲೆ ದೇವಿ

ಸಾವಕ್ಕಾ, ಆ ದಿನ ನನ್ನ ಮೇಲೆ ದೇವಿ ತಾಯಿ ಬಂದಿರಲಿಲ್ಲ. ನಾನು ಅತ್ತರು ಹಚ್ಚಿಕೊಂಡಿದ್ದೆ.

ಇಷ್ಟು ಹೇಳುವುದಕ್ಕೆ ಇಪ್ಪತ್ತು ವರ್ಷ ತೆಗೆದುಕೊಂಡೆ. ನಮ್ಮ ಮನೆತನದ ಮೊದಲ ಪದವೀಧರೆ ಎಂದು ಹನುಮಸಾಗರದಲ್ಲಿ ಹಾರ ಹಾಕಿದಾಗಲೂ ಬಾಯಿ ಬಿಡಲಿಲ್ಲ. ಬಾಗಿಲ ಮೇಲೆ ಹೆಸರಿನ ಜೊತೆ ಬಿ.ಎಸ್ಸಿ. ಎಂದು ಬರೆಸಿದ್ದೇನೆ. ಅದಕ್ಕಾಗಿ ಕಣ್ಣು ಕೆಂಪಗೆ ಮಾಡಿಕೊಂಡು ಓದಿದ್ದೇನೆ, ಅದು ಸುಳ್ಳಲ್ಲ. ಆದರೆ ಕಾಲೇಜಿನ ಒಳಗೆ ಕಾಲಿಟ್ಟ ರೀತಿ —

ಜ್ವರದಿಂದ ನಿನಗೊಂದು ವರ್ಷ ಹಾಳಾಗಿ ನಾವಿಬ್ಬರೂ ಒಟ್ಟಿಗೇ ಪಿಯುಸಿ ಮುಗಿಸಿದೆವು. ನಿನ್ನ ಅಂಕ ನನಗಿಂತ ಹೆಚ್ಚು. ಗಂಗಾವತಿಯ ಕಾಲೇಜಿಗೆ ಒಬ್ಬಳು ಹೋಗಲಿ, ಇನ್ನೊಬ್ಬಳು ಎಮ್ಮೆಯನ್ನೂ ಅಜ್ಜಿಯ ಮೊಣಕಾಲನ್ನೂ ನೋಡಿಕೊಳ್ಳಲಿ ಎಂದ ಅಪ್ಪ. ಯಾರು ಹೋಗಬೇಕೆಂದು ದೇವಿಯನ್ನೇ ಕೇಳುತ್ತೇನೆ ಎಂದಳು ಅಜ್ಜಿ. ಹಿತ್ತಾಳೆ ಮೂರ್ತಿಯ ಎರಡೂ ಭುಜಕ್ಕೆ ಹೂವಿನ ಒದ್ದೆ ಎಸಳು ಅಂಟಿಸಿದಳು. ಬಲಗಡೆಯದು ಬಿದ್ದರೆ ನೀನು, ಎಡಗಡೆಯದು ಬಿದ್ದರೆ ನಾನು.

ಅತ್ತರು ಕೊಟ್ಟವಳು ಗೆಳತಿ ಶಬಾನಾ. ಕುಷ್ಟಗಿಯಲ್ಲಿ ಅವಳ ಮಾವನದು ಅತ್ತರಿನ ಅಂಗಡಿ. ಒಮ್ಮೆಲೇ ಮೂಗಿಗೆ ಹಿಡಿದು ಮೂಸಬಾರದೆಂದು ಎಚ್ಚರಿಸಿದ್ದಳು. "ಮೊದಲ ಲವಂಗ ಕಡೀತೈತಿ, ಆಮ್ಯಾಲೆ ಗುಲಾಬಿ ಅರಳತೈತಿ, ಕಡೀಕ ಗಂಧ ಬಂದು ಕುಂದರತೈತಿ. ನೀ ಸುಮ್ನ ಕಾಯಬೇಕು." ಆ ಬೆಳಿಗ್ಗೆ ಕುತ್ತಿಗೆಗೆ ಹಚ್ಚಿಕೊಂಡದ್ದು ಬರೀ ಆಸೆಗೆ. ಅಲ್ಲಿಯವರೆಗೆ ನನ್ನಲ್ಲಿ ಕಪಟವಿರಲಿಲ್ಲ — ಆಮೇಲಿನ ಮಾತು ಬೇರೆ.

ಲವಂಗ ಮೇಲೆದ್ದಿತು. ಅಜ್ಜಿ ಮಂತ್ರ ನಿಲ್ಲಿಸಿ, ಯಾರಿಗೆ ಹಲ್ಲು ನೋವು ಎಂದು ಕೇಳಿದಳು. ನಾನು ಕೆನ್ನೆ ಹಿಡಿದುಕೊಂಡು ನನಗೇ ಎಂದೆ.

ಎಸಳು ಬೀಳಲಿಲ್ಲ. ಅಜ್ಜಿ ಅದನ್ನು ಎಷ್ಟು ಒದ್ದೆ ಮಾಡಿದ್ದಳೆಂದರೆ ಅಂಚೆ ಚೀಟಿಯಂತೆ ಕಚ್ಚಿಕೊಂಡಿತ್ತು. ಮೂರು ಸಲ ಕೇಳಿದಳು. ಕೊನೆಗೆ ಬೇಸತ್ತು, "ದೊಡ್ಡಾಕಿನ ಹೋಗ್ಲಿ ತಗೋರಿ" ಎಂದು ಏಳುವುದರಲ್ಲಿದ್ದಳು. ಆಗ ನಾನು ಅವಳ ಪಕ್ಕಕ್ಕೆ ಸರಿದು ಕುಳಿತೆ. ಮುಂದೆ ಬರುವುದು ಗುಲಾಬಿ ಎಂದು ನನಗೆ ಗೊತ್ತಿತ್ತು.

"ತಡಿ ಅಜ್ಜಿ. ತಾಯಿ ಬರಾಕತ್ಯಾಳ ಅನಸ್ತೈತಿ."

ನನ್ನ ಕಪಟದ ಮಾತು ಇದೇ. ಏಳಲು ಹೊರಟ ಅಜ್ಜಿ ಮತ್ತೆ ಕುಳಿತಳು. ಗುಲಾಬಿ ಬಂತು. ಅಜ್ಜಿ ನನ್ನ ಕುತ್ತಿಗೆಯ ಹತ್ತಿರ ಮೂಗು ತಂದು, ಕಣ್ಣು ಮುಚ್ಚಿ, ಕೈ ಮುಗಿದಳು.

"ಹೂ ಕೊಡಲಿಲ್ಲ, ಹೂವಿನ ವಾಸನೀನ ಕೊಟ್ಟಾಳ. ಸಣ್ಣಾಕಿ ಹೋಗ್ಲಿ."

ಕಾಯಿ ಒಡೆಯುವ ಹೊತ್ತಿಗೆ ಗಂಧವೂ ಬಂದು ಕುಳಿತುಕೊಂಡಿತು. ಇನ್ನು ಯಾರಿಗೆ ಸಂಶಯ? ಓಣಿಯ ಹೆಂಗಸರು ಸಾರಿನ ಹದ ನೋಡುವಂತೆ ನನ್ನನ್ನು ಮೂಸಿ ಹೋದರು. ತಾಯಿ ಇಳಿದುಹೋದಾಳೆಂದು ಅಜ್ಜಿ ಸ್ನಾನಕ್ಕೆ ಬಿಡಲಿಲ್ಲ. ಬೇಸಿಗೆ ಬೇರೆ. ಮೂರನೆಯ ದಿನ ಅವಳೇ ಮೂಗು ಮುಚ್ಚಿಕೊಂಡು, ತಾಯಿ ಹೋಗ್ಯಾಳ ಎಂದು ಹಂಡೆಗೆ ಬೆಂಕಿ ಹಾಕಿದಳು.

ಕಾಲೇಜಿನಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು ಒಂದು ದಿನ, ಹಗುರವಾದದ್ದು ಮೊದಲು ಆವಿಯಾಗುತ್ತದೆ, ಭಾರವಾದದ್ದು ಕೊನೆಗೆ ಎಂದು ಪಾಠ ಮಾಡಿದರು. ಇಡೀ ತರಗತಿ ಬರೆದುಕೊಂಡಿತು. ನಾನು ಬೆವರಿದೆ.

ಇಷ್ಟನ್ನು ನಗುತ್ತಾ ಹೇಳಬಹುದಿತ್ತು, ಮೊನ್ನೆ ನೀನು ಫೋನ್ ಮಾಡದಿದ್ದರೆ. ಮಗಳ ಪಿಯು ಕಾಲೇಜಿನ ಅರ್ಜಿ ತರುತ್ತೇನೆ, ತಾಯಿ ಬಂದ ಕೈಯಿಂದ ಒಮ್ಮೆ ಮುಟ್ಟಿಕೊಡು ಎಂದೆ ನೀನು. ನಿನ್ನ ಕೈಯಲ್ಲೇ ಕೊಡು ಎಂದೆ ನಾನು. ಅದಕ್ಕೆ ನೀನು ಹೇಳಿದ್ದು —

"ನನ್ನ ಕೈ ಬ್ಯಾಡವ್ವ. ಅವತ್ತು ಎಲ್ಲಾರಿಗೂ ವಾಸನಿ ಬಂತು, ನನಗೊಬ್ಬಾಕಿಗೆ ಬರಲಿಲ್ಲ. ತಾಯಿಗೆ ನಾ ಬ್ಯಾಡಾಗಿದ್ದೆ."

ಇಪ್ಪತ್ತು ವರ್ಷ ನೀನು ಇದನ್ನು ಹೊತ್ತುಕೊಂಡಿದ್ದೆ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಹೇಳುತ್ತಿದ್ದೆನೇ? — ಹೌದೆಂದು ಬರೆಯಲು ಧೈರ್ಯ ಸಾಲದು.

ನಾನು ಅರ್ಜಿ ಮುಟ್ಟುವುದಿಲ್ಲ. ಭಾನುವಾರ ನಾನೇ ಬಂದು ಈ ಪತ್ರವನ್ನು ನಿನ್ನೆದುರು ಓದುತ್ತೇನೆ, ಮಗಳೂ ಕೇಳಲಿ. ಆಮೇಲೆ ನೀನು ಬೈದರೆ ಬೈಸಿಕೊಳ್ಳುತ್ತೇನೆ, ಬಾಗಿಲು ಹಾಕಿಕೊಂಡರೆ ಹೊರಗೆ ಕೂರುತ್ತೇನೆ. ಅದಕ್ಕೂ ಮೊದಲು ಒಂದೇ ಒಂದು ವಿಷಯ ನೆನಪು ಮಾಡಿಕೊ, ಅಕ್ಕಾ.

ಅವತ್ತು ನಿನಗೆ ನೆಗಡಿಯಾಗಿತ್ತು.