ಪಟ್ಟಾಭಿರಾಮರು ಸಹಿ ಹಾಕದ ವಿಮಾನ

ವಡೋದರಾದ ಆ ಫ್ಲೈಯಿಂಗ್ ಕ್ಲಬ್ಬಿನಲ್ಲಿ ಪಟ್ಟಾಭಿರಾಮರಿಗೆ ಜಗಮೊಂಡ ಎಂಬ ಹೆಸರು ಗಟ್ಟಿಯಾಗಿತ್ತು. ಮೈಸೂರಿನಿಂದ ಇಲ್ಲಿಗೆ ಇಂಜಿನಿಯರ್ ಆಗಿ ಬಂದು ಇಪ್ಪತ್ತೆರಡು ವರ್ಷ. ಇಂಜಿನಿಯರ್ ಸಹಿ ಬೀಳದೆ ವಿಮಾನ ಹಾರುವಂತಿಲ್ಲ, ಅವರ ಸಹಿಯೋ ಸುಲಭಕ್ಕೆ ಬೀಳುವಂಥದ್ದಲ್ಲ.

೨೦೦೩ರ ಮೇ ತಿಂಗಳು. ಎರಡು ಸೀಟಿನ ವಿಮಾನದ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದರೆ, ಬಿಳಿ ಪಿಂಗಾಣಿಯ ಮೇಲೆ ಲೋಹದ ಬೂದು ಚುಕ್ಕೆಗಳು. ಅಂದರೆ ಒಳಗೆ ಪಿಸ್ಟನ್ ಕರಗುತ್ತಿದೆ. ಪೆಟ್ರೋಲ್ ಉಳಿಸಲು ತರಬೇತುದಾರರು ಮೇಲೇರುವಾಗಲೇ ಇಂಧನ ಕಡಿಮೆ ಮಾಡುತ್ತಿದ್ದರು. ಇದರಿಂದ ಇಂಜಿನ್ ಅತಿಯಾಗಿ ಕಾದು, ಇಂಧನ ಹದವಾಗಿ ಉರಿಯದೆ ಒಮ್ಮೆಲೇ ಸಿಡಿಯುತ್ತಿತ್ತು. ಹೀಗೆ ಮಾಡಬೇಡಿ ಎಂದು ಹೇಳಿ ಹೇಳಿ ಪಟ್ಟಾಭಿರಾಮರಿಗೆ ಸಾಕಾಗಿತ್ತು.

“ಸಿಡಿಯೋ ಶಬ್ದ ಎಲ್ಲಿದೆ, ಪಟ್ಟಾಭಿಭಾಯ್? ನಂಗಂತೂ ಕೇಳಿಸ್ತಿಲ್ಲ,” ಎಂದ ಮ್ಯಾನೇಜರ್.

“ಸ್ಕೂಟರ್ ಆದ್ರೆ ಟಕಟಕ ಅಂತ ಕೇಳಿಸುತ್ತೆ. ಇಲ್ಲಿ ಪ್ರೊಪೆಲರ್ ಗದ್ದಲದಲ್ಲಿ ಏನ್ರೀ ಕೇಳಿಸುತ್ತೆ? ಸಿಲಿಂಡರ್ ಬಿಚ್ಚಬೇಕು!”

“ನಾಳೆ ಮಹಿಮಾ ಇದ್ರಲ್ಲೇ ಒಬ್ಬಳೇ ಸೂರತ್‌ಗೆ ಹೋಗಿಬರಬೇಕು. ಬಿಚ್ಚೋಕೆ ಟೈಮಿಲ್ಲ.”

ಪಟ್ಟಾಭಿರಾಮರು ಸಹಿ ಹಾಕದೆ ರಿಜಿಸ್ಟರ್ ಎಸೆದು ಮಂಜಲ್‌ಪುರದ ಮನೆಗೆ ಹೊರಟುಬಿಟ್ಟರು. ಸಂಜೆ ಕ್ಲಬ್ಬಿನಿಂದ ಫೋನ್ ಬಂತು: ಅಹಮದಾಬಾದಿನಿಂದ ಬಂದ ಇನ್ನೊಬ್ಬ ಇಂಜಿನಿಯರ್ ಹತ್ತು ನಿಮಿಷ ಇಂಜಿನ್ ಓಡಿಸಿ, ಕಿವಿಗೊಟ್ಟು ಕೇಳಿ, ಸಹಿ ಹಾಕಿದ್ದ. “ಹಾಳಾಗಿ ಹೋಗಿ!” ಎಂದು ಫೋನ್ ಕುಕ್ಕಿದರು.

ಅಷ್ಟರಲ್ಲಿ ಪಕ್ಕದ ಮನೆಯ ಮಹಿಮಾಳೇ ಬಂದಳು. ಅವಳು ಇಲ್ಲೇ ಹುಟ್ಟಿ ಬೆಳೆದ ಕನ್ನಡದ ಹುಡುಗಿ, ಕ್ಲಬ್ಬಿನಲ್ಲಿ ವಿಮಾನ ಹಾರಿಸಲು ಕಲಿಯುತ್ತಿದ್ದಳು. “ಅಂಕಲ್, ನಾಳೆ ಫಸ್ಟ್ ಟೈಮ್ ಅಕೇಲಿ ಸೂರತ್! ಆಶೀರ್ವಾದ ಮಾಡಿ,” ಎಂದು ಕಾಲಿಗೆರಗಿದಳು. ಅವರ ಸಿಟ್ಟು ಇನ್ನೂ ಇಳಿದಿರಲಿಲ್ಲ. “ಹೂಂ, ಒಳ್ಳೇದಾಗಲಿ,” ಎಂದು ಮುಖ ತಿರುಗಿಸಿದರು.

ಮರುದಿನ ಹನ್ನೊಂದಕ್ಕೆ ಮಹಿಮಾ ಸೂರತ್‌ನಿಂದ ವಾಪಸ್ ಬಂದು ಸುಖವಾಗಿ ಇಳಿದಳು. “ಇಂಜಿನ್ ಏಕ್‌ದಮ್ ಸ್ಮೂತ್, ಅಂಕಲ್!” ಮ್ಯಾನೇಜರ್ ನಕ್ಕ. ಪಟ್ಟಾಭಿರಾಮರಿಗೆ ಮೈಯೆಲ್ಲ ಉರಿಯಿತು. ಯಾರನ್ನೂ ಕೇಳದೆ ಸ್ಪ್ಯಾನರ್ ಹಿಡಿದರು. ಸಂಜೆಗೆ ಪಿಸ್ಟನ್ ಹೊರಬಂತು. ಅಂಚು ಇಲಿ ಕಡಿದ ರೊಟ್ಟಿಯಂತಾಗಿತ್ತು. ಇನ್ನೊಂದು ಹಾರಾಟಕ್ಕೆ ತೂತು ಬೀಳುವುದು ಖಂಡಿತ. ಮ್ಯಾನೇಜರ್ ಮುಖ ಸಪ್ಪಗಾದದ್ದು ನೋಡಿ ಅವರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಮಹಿಮಾ ಆ ಅಂಚಿನ ಮೇಲೆ ಬೆರಳಾಡಿಸಿದಳು.

“ಇದು ನಿಮ್ಗೆ ಮೊದ್ಲೇ ಗೊತ್ತಿತ್ತಾ, ಅಂಕಲ್?”

“ಗೊತ್ತಿತ್ತಮ್ಮ. ಅದಕ್ಕೇ ನಾನು ಸಹಿ ಹಾಕ್ಲಿಲ್ಲ.”

“ನಿನ್ನೆ ನಿಮ್ಮನೆಗೆ ಬಂದಿದ್ದೆ. ನಂಗ್ಯಾಕೆ ಹೇಳ್ಲಿಲ್ಲ?”